ಮಾಂಜಾಕ್ಕೆ ಸಿಕ್ಕ ಹದ್ದು, ಕಣ್ಣು ತೆರೆಯದ ಅಳಿಲು ಮರಿ: ಆರೈಕೆ ಮಾಡುವವರ ಮನಸ್ಸನ್ನು ಹೇಗೆ ಕಾಯುವುದು?

ಪೌಡ್ ರಸ್ತೆ ಕನ್ನಡಿಗ (ಪ್ರಶ್ನೆ)

ಪುಣೆಯಲ್ಲಿ ಗಾಯಗೊಂಡ ಕಾಡುಪ್ರಾಣಿ, ಹಕ್ಕಿಗಳ ಆರೈಕೆಗೆ ವಾರಾಂತ್ಯದಲ್ಲಿ ಹೋಗುವ ಕನ್ನಡಿಗರ ಒಂದು ಗುಂಪಿನ ಪರವಾಗಿ ಕೇಳುತ್ತಿದ್ದೇನೆ. ಜನವರಿಯಲ್ಲಿ ಮಾಂಜಾ (ಗಾಳಿಪಟದ ಹರಿತವಾದ ದಾರ) ಸುತ್ತಿಕೊಂಡ ಹದ್ದು, ಗೂಬೆಗಳು ಬರುತ್ತವೆ. ಕಬ್ಬು ಕಟಾವಿನ ಹೊತ್ತಿಗೆ ಕಾಡುಬೆಕ್ಕಿನ ಮರಿಗಳು. ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಹಕ್ಕಿಗಳು, ಮರ ಕಡಿದಾಗ ಗೂಡುಸಮೇತ ಬಿದ್ದ ಅಳಿಲು ಮರಿಗಳು.

ತರಬೇತಿಯಲ್ಲಿ ಬ್ಯಾಂಡೇಜು, ಸಿರಿಂಜು, ಕೈಗವಸು ಎಲ್ಲ ಹೇಳಿಕೊಡುತ್ತಾರೆ. ಆದರೂ ಹೊಸಬರಲ್ಲಿ ಹಲವರು ಮೂರು ತಿಂಗಳಿಗೆ ಬಿಟ್ಟುಹೋಗುತ್ತಾರೆ. ಕಾರಣ ಕೇಳಿದರೆ ಹೇಳುವುದು ಇವನ್ನೇ: ದಯಾಮರಣ ಕೊಟ್ಟಾಗ 'ನಾವೇ ಕೊಂದೆವು' ಅನ್ನಿಸುವುದು, ಸಾಕಿದ ಮರಿಯನ್ನು ಮುದ್ದು ಮಾಡಬಾರದು ಅನ್ನುವ ನಿಯಮ, ಬಿಟ್ಟ ಮೇಲೆ ಅದು ಏನಾಯಿತೋ ತಿಳಿಯದಿರುವುದು, ಫೋನಿನಲ್ಲಿ ಅಳುವ ಅಥವಾ ಬೈಯುವ ಜನ. 'ಗಟ್ಟಿಯಾಗಿರಿ' ಎಂಬ ಬುದ್ಧಿಮಾತು ಬೇಡ. ಕೆಲಸದ ಕ್ರಮದಲ್ಲೇ ಏನು ಬದಲಿಸಬಹುದು ಎಂದು ತಿಳಿದವರು ಹೇಳಿ.

ವನ್ಯ ಪಶುವೈದ್ಯೆ, ಪುಣೆ

ದಯಾಮರಣದಿಂದಲೇ ಶುರು ಮಾಡುತ್ತೇನೆ. ಸ್ವಯಂಸೇವಕರಿಗೆ ಅತಿ ಹೆಚ್ಚು ಪೆಟ್ಟು ಕೊಡುವುದು ತಡವಾದ ತೀರ್ಮಾನ. ಹನ್ನೆರಡು ದಿನ ಮಾಂಸ ತಿನ್ನಿಸಿದ ಹದ್ದನ್ನು ಹದಿಮೂರನೆಯ ದಿನ ದಯಾಮರಣ ಕೊಟ್ಟು ಮಲಗಿಸಿದರೆ, ತಿನ್ನಿಸಿದವರು ಅದನ್ನು ಬಹುಕಾಲ ಹೊತ್ತುಕೊಂಡು ತಿರುಗುತ್ತಾರೆ. ಎಷ್ಟೋ ಸಲ ಆ ರೆಕ್ಕೆಯ ಹಣೆಬರಹ ಮೊದಲ ಪರೀಕ್ಷೆಯಲ್ಲೇ ಕಾಣುವಂತಿರುತ್ತದೆ, ಯಾರೂ ಬಾಯಿಬಿಟ್ಟು ಹೇಳಿರುವುದಿಲ್ಲ.

ಮಾಂಜಾ ಗಾಯದಲ್ಲಿ ನೋಡಬೇಕಾದ್ದು ಇಷ್ಟು. ಭುಜದಿಂದ ಮಣಿಕಟ್ಟಿನವರೆಗೆ ರೆಕ್ಕೆಯ ಮುಂಭಾಗದಲ್ಲಿ ಒಂದು ತೊಗಲಿನ ಮಡಿಕೆ ಇದೆ, ಅದರ ಅಂಚಿನಲ್ಲೇ ಒಂದು ಸ್ನಾಯುರಜ್ಜು ಓಡುತ್ತದೆ. ತೊಗಲು ಮಾತ್ರ ಹರಿದಿದ್ದು ಗಾಯ ಹಸಿಯಾಗಿದ್ದರೆ ಹೊಲಿಗೆ ಹಾಕಿದ ಮೇಲೆ ಹಾರುವ ಅವಕಾಶ ಚೆನ್ನಾಗಿಯೇ ಇದೆ. ರಜ್ಜು ತುಂಡಾಗಿದ್ದರೆ ಅವಕಾಶ ಬಹಳ ಕಡಿಮೆ. ಮೂಳೆ ಹೊರಬಂದು ಒಣಗಿ ಕಪ್ಪಾಗಿದ್ದರೆ, ಅಥವಾ ಮುರಿತ ಭುಜ, ಮೊಣಕೈ, ಮಣಿಕಟ್ಟಿನ ಕೀಲಿನೊಳಗೇ ಇದ್ದರೆ, ಆ ಹದ್ದು ಮತ್ತೆ ಬೇಟೆಯಾಡುವಷ್ಟು ಹಾರುವುದಿಲ್ಲ. ಹದ್ದು ಇಪ್ಪತ್ತು ವರ್ಷಕ್ಕೂ ಮೇಲೆ ಬದುಕಬಲ್ಲ ಹಕ್ಕಿ. 'ಜೀವ ಉಳಿಸೋಣ' ಅನ್ನುವಾಗ ಅಷ್ಟೂ ವರ್ಷ ಮನುಷ್ಯರನ್ನು ಕಂಡು ಬೆದರುತ್ತಾ ಪಂಜರದಲ್ಲಿ ಕಳೆಯುವ ಜೀವದ ಬಗ್ಗೆ ಮಾತಾಡುತ್ತಿದ್ದೇವೆ ಎಂಬುದು ಎಲ್ಲರಿಗೂ ಗೊತ್ತಿರಬೇಕು.

ಅದಕ್ಕೇ ದಾಖಲಾತಿ ಚೀಟಿಯಲ್ಲಿ ಮೊದಲ ದಿನವೇ ಎರಡು ಸಾಲು ಬರೆಯಿರಿ: 'ಬಿಡುಗಡೆಗೆ ಏನೇನು ಆಗಬೇಕು' ಮತ್ತು 'ಯಾವ ದಿನ ಮರುಪರೀಕ್ಷೆ'. ರೆಕ್ಕೆಗೆ ಕಟ್ಟು ಹಾಕಿದ್ದರೆ ಕೆಲವು ದಿನಕ್ಕೊಮ್ಮೆ ಅರಿವಳಿಕೆಯಲ್ಲಿ ಬಿಚ್ಚಿ ಕೀಲು ಆಡಿಸಲೇಬೇಕು. ಬಿಚ್ಚದೆ ಬಿಟ್ಟರೆ ಮೂಳೆ ಕೂಡಿಕೊಂಡರೂ ಕೀಲು ಬಿಗಿದು ರೆಕ್ಕೆ ಪೂರ್ತಿ ತೆರೆಯುವುದಿಲ್ಲ. ತೀರ್ಮಾನ ವೈದ್ಯರು ಮತ್ತು ಕೇಂದ್ರದ ಹೊಣೆಗಾರರು ಇಬ್ಬರೂ ಸೇರಿ ತೆಗೆದುಕೊಳ್ಳಲಿ. ಸ್ವಯಂಸೇವಕರ ಮೇಲೆ ಮತ ಹಾಕುವ ಭಾರ ಬೇಡ, ಆದರೆ ಕಾರಣವನ್ನು ಎಕ್ಸ್‌ರೇ ತೋರಿಸಿ ಹೇಳಿ. ಕಾನೂನೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೇ ಕಲಮಿನಂತೆ, ಒಂದನೇ ಅನುಸೂಚಿಯ (ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ) ಪ್ರಾಣಿ ಗುಣವಾಗದಷ್ಟು ಊನಗೊಂಡಿದ್ದರೂ ಅದಕ್ಕೆ ದಯಾಮರಣ ಕೊಡಲು ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿ ಬೇಕು. ಪತ್ರ ಬರುವವರೆಗಿನ ಕಾಯುವಿಕೆ ಎಲ್ಲರಿಗೂ ಹಿಂಸೆ. ಆ ಹೊತ್ತಿನಲ್ಲಿ ಪ್ರಾಣಿಗೆ ನೋವು ಇಲ್ಲದಂತೆ ನೋಡಿಕೊಳ್ಳುವುದೇ ಚಿಕಿತ್ಸೆ. ಮನೆಯ ನೋವಿನ ಮಾತ್ರೆ ಮಾತ್ರ ಯಾರೂ ಕೊಡಬೇಡಿ. ರಣಹದ್ದುಗಳ ಮೂತ್ರಪಿಂಡ ಕೆಡಿಸಿದ್ದಕ್ಕೇ ಡೈಕ್ಲೊಫೆನಾಕ್ ಎಂಬ ನೋವಿನ ಔಷಧವನ್ನು 2006ರಲ್ಲಿ ಪಶುಚಿಕಿತ್ಸೆಯಿಂದ ನಿಷೇಧಿಸಿದ್ದು.

ಕೊನೆಯ ಗಳಿಗೆಯಲ್ಲಿ ಇರಲು ಬಯಸುವವರಿಗೆ ಮುಂಚೆಯೇ ಹೇಳಿ: ಮೊದಲು ಅರಿವಳಿಕೆ, ಹಕ್ಕಿ ಪೂರ್ತಿ ನಿದ್ದೆ ಹೋದ ಮೇಲೆ ಕೊನೆಯ ಔಷಧ. ಪ್ರಾಣ ಹೋದ ಮೇಲೂ ರೆಕ್ಕೆ ಅದುರಬಹುದು, ಕೊಕ್ಕು ತೆರೆಯಬಹುದು, ಕಣ್ಣು ಮುಚ್ಚದೇ ಇರಬಹುದು. ಇದನ್ನು ಹೇಳದಿದ್ದರೆ 'ಅದಕ್ಕೆ ನೋವಾಯಿತು' ಎಂಬ ಚಿತ್ರ ತಲೆಯಲ್ಲಿ ಕೂತುಬಿಡುತ್ತದೆ. ಕಳೇಬರವನ್ನು ಬಯಲಿಗೆ ಎಸೆಯಬಾರದು, ಅದರಲ್ಲಿ ಉಳಿದ ಔಷಧ ತಿಂದ ಇನ್ನೊಂದು ಹದ್ದು ಸಾಯುತ್ತದೆ. ಅರಣ್ಯ ಇಲಾಖೆಯವರ ಪಂಚನಾಮೆ ಆದ ಮೇಲೆ ಸುಡುವುದು ಅಥವಾ ಆಳವಾಗಿ ಹೂಳುವುದು.

ಇನ್ನು 'ನಮ್ಮ ಕೈಯಲ್ಲೇ ಸತ್ತಿತು' ಅನ್ನುವ ಅಪರಾಧಿ ಭಾವ. ಇದಕ್ಕೆ ಸಮಾಧಾನದ ಮಾತಿಗಿಂತ ಸಾವಿನ ಕಾರಣ ಹುಡುಕಿ ಹೇಳುವುದು ಮೇಲು. ಹಕ್ಕಿಗೆ ನಮ್ಮಂತೆ ವಪೆ (ಎದೆ, ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಏರಿಳಿದರೆ ಮಾತ್ರ ಉಸಿರು. ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ಉಸಿರುಕಟ್ಟುತ್ತದೆ. ಕೊಕ್ಕಿಗೆ ನೀರು ಹನಿಸಿದರೆ ನಾಲಿಗೆಯ ಬುಡದಲ್ಲೇ ಇರುವ ಶ್ವಾಸದ್ವಾರಕ್ಕೆ ಹೋಗುತ್ತದೆ. ಮೊಲ, ಜಿಂಕೆ, ಕೃಷ್ಣಮೃಗಗಳು ಹಿಡಿಯುವಾಗ ಒದ್ದಾಡಿದ್ದರಿಂದಲೇ ಸ್ನಾಯು ಕರಗಿ, ಮೂತ್ರಪಿಂಡ ಸೋತು ಕೆಲವು ದಿನಗಳ ಮೇಲೂ ಸಾಯಬಹುದು. ಕಣ್ಣಿಗೆ ಬಟ್ಟೆ, ಕತ್ತಲೆ, ಮೌನ, ಒಂದೇ ಸಲದ ಹಿಡಿತ, ಇಷ್ಟೇ ನಮ್ಮ ಕೈಲಿರುವ ಔಷಧ. ತಪ್ಪು ನಮ್ಮದಾಗಿದ್ದರೆ ಹಾಗೆಂದೇ ಹೇಳಿ, ಮುಂದಿನ ಹಕ್ಕಿಗೆ ಏನು ಬದಲಿಸುತ್ತೇವೆ ಅಂತ ಅದೇ ಚೀಟಿಯಲ್ಲಿ ಬರೆಯಿರಿ.

ಧಾರವಾಡದಾಕಿ, ಕೋಥ್ರೂಡ್

ಡಾಕ್ಟರ್ ಮೇಡಂ ಹಕ್ಕಿದು ಹೇಳ್ಯಾರ, ನಾ ಇಣಚಿ (ಅಳಿಲು) ಮರಿದು ಹೇಳ್ತೀನ್ರಿ. ಮುದ್ದು ಮಾಡಬಾರದು ಅನ್ನೋ ನಿಯಮ ಯಾಕ ಅಂತ ತಿಳಿದ್ರ ಅದು ಶಿಕ್ಷಾ ಅನಸೂದಿಲ್ಲ.

ಮೊದಲ ಅದಕ್ಕ ತಾಯಿ ಅದಾಳೇನು ನೋಡ್ರಿ. ಗೂಡು ಬಿದ್ದಿದ್ರ ಮರಿ ಬೆಚ್ಚಗ ಮಾಡಿ, ಸಣ್ಣ ಡಬ್ಬಿಯೊಳಗ ಅರಿವಿ ಹಾಸಿ, ಅದೇ ಗಿಡಕ್ಕ ಅಥವಾ ಬಾಜೂ ಗಿಡಕ್ಕ ಕಟ್ಟಿ ದೂರ ಸರೀರಿ. ಇಣಚಿ ಹಗಲ ಓಡಾಡೂ ಪ್ರಾಣಿ, ಹಗಲೊತ್ತಿನಾಗ ಬಂದು ಒಂದೊಂದ ಮರಿ ಬಾಯಾಗ ಕಚ್ಚಿಕೊಂಡು ಹೋಗ್ತದ. ಕತ್ತಲಾಗೂ ಮುಂಚೆ ಬರದಿದ್ರ ಒಳಗ ತರ್ರಿ. ಮನುಷ್ಯಾರ ವಾಸನಿ ಹತ್ತಿದ್ರ ತಾಯಿ ಬಿಡತದ ಅನ್ನೋದು ಸುಳ್ಳ್ರಿ.

ತಂದ ಮ್ಯಾಲೆ ಮೊದಲ ಶಾಖ, ಆಮ್ಯಾಲೆ ನೀರು, ಕಡೀಕ ಹಾಲು. ತಣ್ಣಗಿರೋ ಮರಿಗೆ ಹಾಲು ಹಾಕಿದ್ರ ಹೊಟ್ಟಿಯೊಳಗ ಪಚನ ಆಗೂದಿಲ್ಲ, ಉಬ್ಬಿ ಸಾಯ್ತದ. ಬಿಸಿನೀರಿನ ಬಾಟ್ಲಿ ಅರಿವ್ಯಾಗ ಸುತ್ತಿ ಡಬ್ಬಿಯ ಅರ್ಧ ಭಾಗಕ್ಕ ಮಾತ್ರ ಇಡ್ರಿ, ಸೆಕಿ ಆದ್ರ ಮರಿಗೆ ಸರಿಯಾಕ ಜಾಗ ಇರಬೇಕು. ಹೊಟ್ಟಿ ಬೆಚ್ಚಗಾದ ಮ್ಯಾಲೆ ಒಂದೆರಡು ಸಲ ಉಗುರುಬೆಚ್ಚಗಿನ ಓಆರ್‌ಎಸ್, ಆಮ್ಯಾಲೆ ನಾಯಿಮರಿಗೆ ಕೊಡೋ ಹಾಲಿನ ಪುಡಿ. ಆಕಳ ಹಾಲು ಬ್ಯಾಡ್ರಿ, ಭೇದಿ ಹತ್ತತದ. ಒಂದ ಸಲಕ್ಕ ತೂಕದ ನೂರಕ್ಕ ಐದರಷ್ಟು: 20 ಗ್ರಾಂ ಮರಿಗೆ 1 ಎಂ.ಎಲ್. ಕಣ್ಣು ತೆರೆಯೂತನಕ ಎರಡು-ಮೂರು ತಾಸಿಗೊಮ್ಮೆ. ಮರಿ ಬೋರಲ ಇರಬೇಕು, ತಲಿ ಸ್ವಲ್ಪ ಮ್ಯಾಲೆ. ಅಂಗಾತ ಹಿಡಿದು ಕೂಸಿಗೆ ಕುಡಿಸಿದಂಗ ಕುಡಿಸಿದ್ರ ಹಾಲು ಶ್ವಾಸಕೋಶಕ್ಕ ಹೋಗ್ತದ. ಮೂಗಿನಾಗ ಗುಳ್ಳಿ ಬಂತಂದ್ರ ನಿಲ್ಲಸಿ, ತಲಿ ಕೆಳಗ ಮಾಡಿ ಒರಸ್ರಿ. ಕುಡಿಸಿದ ಮ್ಯಾಲೆ ಒದ್ದಿ ಹತ್ತಿಲೆ ಸವರಿ ಉಚ್ಚಿ ಮಾಡಸಬೇಕು. ದಿನಾ ಮುಂಜಾನೆ ಒಂದೇ ಹೊತ್ತಿಗೆ ತೂಕ. ಎರಡು ದಿನ ಏರಲಿಲ್ಲಂದ್ರ ಡಾಕ್ಟರ್‌ಗೆ ತೋರಸ್ರಿ.

ಈಗ ಮನಸ್ಸಿನ ಮಾತು. ಒಂದ ಮರಿಗೆ ಇಬ್ಬರೇ ಕೈ ಹಾಕಬೇಕು. ಹೆಸರಿಡಬ್ಯಾಡ್ರಿ, ನಂಬರ್ ಇಡ್ರಿ. ಒಂಟಿ ಮರಿ ಇದ್ರ ಬ್ಯಾರೆ ಕೇಂದ್ರದಾಗಿನ ಒಂಟಿ ಮರಿ ಜೋಡಿ ಹಾಕ್ರಿ, ಅವಕ್ಕ ಅಪ್ಪಿಕೊಂಡು ಮಲಗಾಕ ತಮ್ಮವರು ಬೇಕು. ಕಣ್ಣು ತೆರೆದ ದಿನದಿಂದ ಮಾತು ಬಂದ್, ಕುಡಿಸಿ ಸರಿಯೂದು. ಯಾಕಂದ್ರ ಮನುಷ್ಯಾರನ್ನ ನಂಬಿದ ಇಣಚಿ ಬಿಟ್ಟ ಮ್ಯಾಲೆ ಯಾರದೋ ಹೆಗಲ ಏರತದ, ಅವರು ಗಾಬರಿಯಾಗಿ ಬಡೀತಾರ. ನಾಯಿ, ಬೆಕ್ಕಿಗೂ ಅಂಜೂದಿಲ್ಲ. ನಿಮ್ಮ ಮರಿ ನಿಮ್ಮನ್ನ ನೋಡಿ ಒಂದಿನ ಚೀರಿ ಮೂಲಿಗೆ ಓಡಿತಂದ್ರ, ಆ ದಿನ ನೀವು ಗೆದ್ದೀರಿ ಅಂತ ತಿಳೀರಿ. ಎದಿ ಚುಚ್ಚತದ, ಖರೆ. ಆದ್ರ ಅದೇ ನಿಮ್ಮ ಪ್ರೀತಿ ಕೆಲಸ ಮಾಡಿದ್ದಕ್ಕ ಗುರುತು. ಕೈಗೆ ಏನಾದ್ರೂ ಮಾಡಬೇಕು ಅನಸ್ತದಲ್ಲ, ಉಣ್ಣೆ ಗೂಡು ಹೊಲೀರಿ (ದಾರದ ಎಳಿ ಹೊರಗ ಬರಬಾರದು, ಬೆರಳಿಗೆ ಸುತ್ತಿ ಕೊಳಿಸತದ), ಎಲಿ ಇರೋ ಟೊಂಗಿ ತಂದು ಪಂಜರ ತುಂಬ್ರಿ.

ಪೌಡ್ ರಸ್ತೆ ಕನ್ನಡಿಗ

ಅಕ್ಕ, ಮೇಡಂ, ತುಂಬಾ ಉಪಯೋಗವಾಯಿತು. ಇನ್ನೊಂದು ಕಷ್ಟ: ಮನೆಯವರು ಹದ್ದಿನ ಮರಿಯನ್ನು ಎರಡು-ಮೂರು ವಾರ ಪ್ರೀತಿಯಿಂದ ಸಾಕಿ, ಕಾಲು ಸೊಟ್ಟಗಾದ ಮೇಲೆ ತರುತ್ತಾರೆ. ಬೋನ್‌ಲೆಸ್ ಚಿಕನ್ನೇ ಹಾಕಿರುತ್ತಾರೆ. ಮಕ್ಕಳು ಜೊತೆಗೇ ನಿಂತಿರುತ್ತಾರೆ. ಅವರಿಗೆ ಏನು ಹೇಳುವುದು?

ಡೊಂಬಿವ್ಲಿ ಕರಾವಳಿಗ

ಬೈಯಬೇಡಿ ಮಾರಾಯ್ರೆ, ಸುಳ್ಳೂ ಹೇಳಬೇಡಿ. ಬೈದರೆ ಮುಂದಿನ ಮರಿಯನ್ನು ಅವರು ಮುಚ್ಚಿಟ್ಟೇ ಸಾಕುತ್ತಾರೆ. 'ಸರಿಹೋಗುತ್ತದೆ' ಎಂದು ಮಾತು ಕೊಟ್ಟರೆ ಮರುದಿನ ಫೋನ್ ಎತ್ತುವ ಹುಡುಗಿಯೇ ಅದರ ಬೆಲೆ ತೆರಬೇಕು. ಹೇಳಬಹುದಾದ ಮಾತು ಹೀಗೆ: 'ಹಸಿವಿನಿಂದ ಸಾಯಲು ನೀವು ಬಿಡಲಿಲ್ಲ. ಆದರೆ ಬರೀ ಮಾಂಸದಲ್ಲಿ ಸುಣ್ಣದ ಅಂಶ ಇಲ್ಲವೆನ್ನುವಷ್ಟು ಕಡಿಮೆ, ರಂಜಕ (ಫಾಸ್ಫರಸ್) ಅದರ ಹತ್ತು ಪಟ್ಟಿಗೂ ಹೆಚ್ಚು. ಬೆಳೆಯುವ ಮರಿ ತನ್ನ ಮೂಳೆಯಿಂದಲೇ ಸುಣ್ಣ ತೆಗೆದುಕೊಳ್ಳುತ್ತದೆ, ಮೂಳೆ ಬಾಗುತ್ತದೆ. ಕಾಡಿನಲ್ಲಿ ತಾಯಿ ಇಲಿಯನ್ನು ಎಲುಬುಸಮೇತ ಕೊಡುತ್ತದೆ. ವೈದ್ಯರು ಇವತ್ತು ಎಕ್ಸ್‌ರೇ ನೋಡಿ ಹೇಳುತ್ತಾರೆ. ಉಳಿಯದೆಯೂ ಇರಬಹುದು.' ಮಕ್ಕಳ ಮುಂದೆಯೂ ಇದನ್ನೇ ಹೇಳಿ, ಅವು ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತವೆ. ಬಳಿಕ ಏನಾಯಿತೆಂದು ಒಂದು ಸಂದೇಶ ತಪ್ಪದೆ ಕಳುಹಿಸಿ, ಸತ್ತಿದ್ದರೂ. ಉತ್ತರ ಬಾರದ ಮನೆಯಿಂದಲೇ ಹತ್ತು ಸಲ ಫೋನ್ ಬರುವುದು.

ಕಾಡುಪ್ರಾಣಿಯನ್ನು ಮನೆಯಲ್ಲಿ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ ಎಂಬುದನ್ನು ಕೊನೆಗೆ, ಮೆಲ್ಲಗೆ ಹೇಳಿ. ಮಹಾರಾಷ್ಟ್ರ ಅರಣ್ಯ ಇಲಾಖೆಯ ಸಹಾಯವಾಣಿ 1926 ಬರೆದುಕೊಡಿ.

ಕಬ್ಬಿನ ಗದ್ದೆಯ ಮರಿಗಳ ಬಗ್ಗೆಯೂ ಫೋನಿನಲ್ಲೇ ಅರ್ಧ ಕೆಲಸ ಮುಗಿಸಬಹುದು. 'ತಾಯಿ ಬಿಟ್ಟುಹೋಗಿದ್ದಾಳೆ' ಎಂದು ಕರೆ ಮಾಡಿದವರು ಮರುಗುತ್ತಾರೆ. ಆಕೆ ಹತ್ತಿರದಲ್ಲೇ ಅಡಗಿ, ಜನ ಸರಿಯಲಿ ಎಂದು ಕಾಯುತ್ತಿರುತ್ತಾಳೆ. ಪುಣೆ ಜಿಲ್ಲೆಯ ಜುನ್ನರ್ ಭಾಗದಲ್ಲಿ ಚಿರತೆ ಮರಿಗಳಿಗೆ ಅರಣ್ಯ ಇಲಾಖೆ ಮತ್ತು ಮಾಣಿಕ್‌ಡೋಹ್ ಚಿರತೆ ರಕ್ಷಣಾ ಕೇಂದ್ರದವರು ಮಾಡುವುದೇ ಇದು: ತಪಾಸಣೆ ಮಾಡಿ, ಸಂಜೆ ಸಿಕ್ಕಿದ ಜಾಗದಲ್ಲೇ ತೆರೆದ ಪೆಟ್ಟಿಗೆಯಲ್ಲಿಟ್ಟು, ಕ್ಯಾಮರಾ ಹಚ್ಚಿ ದೂರ ಹೋಗುವುದು. ರಾತ್ರಿ ತಾಯಿ ಬಂದು ಒಯ್ಯುತ್ತಾಳೆ. ಒಂದು ರಾತ್ರಿ ಬಾರದಿದ್ದರೆ ಮರುರಾತ್ರಿಯೂ ಇಡಬೇಕು. ಕಾಡುಬೆಕ್ಕಿಗೂ ಕ್ರಮ ಇದೇ. ಸ್ವಯಂಸೇವಕರಿಗೆ ಅಂಥ ಒಂದು ವಿಡಿಯೋ ತೋರಿಸಿ, ಮರಿಯನ್ನು ಕೇಂದ್ರಕ್ಕೆ ತರಬೇಕೆಂಬ ಆಸೆ ತಾನಾಗಿ ಇಳಿಯುತ್ತದೆ.

ಪಾಳಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಟು: ಸಂಕ್ರಾಂತಿ ವಾರದಲ್ಲಿ ಯಾರೂ ಎರಡು ದಿನ ಸತತ ಶಸ್ತ್ರಚಿಕಿತ್ಸೆ ಕೋಣೆಯಲ್ಲಿ ನಿಲ್ಲಬಾರದು. ಫೋನು ಒಬ್ಬರ ಕೈಯಲ್ಲಿ ಎರಡು ಗಂಟೆ ಮಾತ್ರ. ರಾತ್ರಿ ಪಾಳಿಗೆ ಒಬ್ಬರೇ ಬೇಡ. ಸತ್ತ ಹಕ್ಕಿಯನ್ನು ಸಾಕಿದವರಿಗೆ ವಾಟ್ಸಾಪ್ ಗುಂಪಿನಲ್ಲಿ ತಿಳಿಸಬೇಡಿ, ಫೋನ್ ಮಾಡಿ. ವಾರಕ್ಕೊಮ್ಮೆ ಇಪ್ಪತ್ತು ನಿಮಿಷ ಕೂತು ದಾಖಲೆ ಪುಸ್ತಕ ಓದಿ: ಬಂದದ್ದೆಷ್ಟು, ಹೋದದ್ದೆಷ್ಟು, ಬಿಟ್ಟದ್ದೆಷ್ಟು. ಸತ್ತವು ತಾವಾಗಿ ನೆನಪಿರುತ್ತವೆ, ಹಾರಿಹೋದವನ್ನು ಓದಿ ಹೇಳಬೇಕು.

ಯಾರಾದರೂ ಅಳುತ್ತಿದ್ದರೆ ನನಗೆ ಅಷ್ಟು ಭಯವಿಲ್ಲ. ಕರೆ ಮಾಡಿದವರ ಮೇಲೆ ರೇಗುವುದು, ರಜೆಯ ದಿನವೂ ಬಂದು ಮೂರು ಸಲ ಪಂಜರ ನೋಡುವುದು, ಗುಟ್ಟಾಗಿ ಪ್ರಾಣಿಯನ್ನು ಮನೆಗೆ ಒಯ್ಯುವುದು, ಸಾವು ಕಂಡರೂ ಏನೂ ಅನ್ನಿಸದಿರುವುದು, ಇವು ಕಂಡರೆ ಎರಡು ವಾರ ಪ್ರಾಣಿಗಳಿಂದ ದೂರದ ಕೆಲಸ ಕೊಡಿ. ನಿದ್ದೆ ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಲು ಹೇಳಿ, ಉಚಿತ, ಕನ್ನಡದಲ್ಲೂ ಮಾತಾಡಬಹುದು.

ವನ್ಯ ಪಶುವೈದ್ಯೆ, ಪುಣೆ

ಡೊಂಬಿವ್ಲಿಯವರ ಮಾತಿಗೆ ಒಂದು ಸೇರ್ಪಡೆ, ಬಿಟ್ಟ ಮೇಲೆ ತಿಳಿಯದಿರುವುದರ ಬಗ್ಗೆ. ಆ ಚಿಂತೆಯನ್ನು ಬಿಡುವುದಕ್ಕಿಂತ ಮುಂಚಿನ ಪರೀಕ್ಷೆಯಲ್ಲಿ ಖರ್ಚು ಮಾಡಿ. ಹದ್ದು ಉದ್ದನೆಯ ಹಾರಾಟದ ಪಂಜರದಲ್ಲಿ ಆ ತುದಿಯಿಂದ ಈ ತುದಿಗೆ ಎತ್ತರ ಕಳೆದುಕೊಳ್ಳದೆ ಹಾರಬೇಕು, ಎರಡೂ ರೆಕ್ಕೆ ಸಮವಾಗಿ ಬಡಿಯಬೇಕು, ಕೊಂಬೆಯ ಮೇಲೆ ತಡವರಿಸದೆ ಇಳಿಯಬೇಕು, ಹಲವು ಸುತ್ತು ಹಾರಿದ ಮೇಲೂ ಕೊಕ್ಕು ತೆರೆದು ಏದುಸಿರು ಬಿಡುತ್ತಾ ಕೂರಬಾರದು. ಬಾಲದ ಗರಿ ಮುರಿದಿದ್ದರೆ ಹೊಸ ಗರಿ ಬರುವವರೆಗೆ ಕಾಯಬೇಕು. ತಂತಿಬಲೆಯ ಪಂಜರದಲ್ಲಿಟ್ಟು ಗರಿ ಹಾಳುಮಾಡಿದರೆ ತಿಂಗಳುಗಟ್ಟಲೆ ಹೆಚ್ಚುವರಿ ಸೆರೆವಾಸ, ಅದಕ್ಕೇ ಒಳಗೋಡೆಗೆ ಬಟ್ಟೆ ಅಥವಾ ಬಿದಿರಿನ ತಟ್ಟಿ ಕಟ್ಟಿ. ಬಿಡುವುದು ಸಿಕ್ಕಿದ ಜಾಗದ ಹತ್ತಿರ, ಬೆಳಿಗ್ಗೆ, ಬಿಸಿಲೇರುವ ಹೊತ್ತಿಗೆ. ಜನವರಿ 14ರ ಹಿಂದೆಮುಂದೆ ಬಿಡಬೇಡಿ, ಮಾಂಜಾ ಮರಗಳಲ್ಲಿ ವಾರಗಟ್ಟಲೆ ನೇತಾಡುತ್ತಿರುತ್ತದೆ. ಸಾಕಿದವರು ಅಲ್ಲಿ ಇರಲಿ, ಆದರೆ ಪೆಟ್ಟಿಗೆ ತೆರೆದ ಮೇಲೆ ಚಪ್ಪಾಳೆ, ಕೂಗು ಬೇಡ.

ಧಾರವಾಡದಾಕಿ, ಕೋಥ್ರೂಡ್

ಇಣಚಿಗೆ ಹಂಗ ಒಮ್ಮೆಲೇ ಬಿಡೂದಲ್ರಿ. ಪಂಜರ ಗಿಡದ ಬುಡಕ್ಕಿಟ್ಟು ಒಂದು ವಾರ ಅಲ್ಲೇ ರೂಢಿ ಮಾಡಸ್ರಿ, ಆಮ್ಯಾಲೆ ಬಾಗಿಲ ತೆಗೆದು ಗೂಡಿನ ಡಬ್ಬಿ, ತಿನ್ನೂದು ಅಲ್ಲೇ ಇಡ್ರಿ. ಮೊದಲ ಕೆಲವು ದಿನ ರಾತ್ರಿ ಮಲಗಾಕ ಬರತಾವ. ತಿನ್ನೂದು ದಿನಾ ಸ್ವಲ್ಪ ಸ್ವಲ್ಪ ಕಡಿಮಿ ಮಾಡ್ರಿ. ಎರಡು ವಾರ ಡಬ್ಬಿ ಖಾಲಿ ಇತ್ತಂದ್ರ ಬಿಚ್ಚಿ, ತೊಳೆದು, ಬಿಸಲಿಗೆ ಒಣಗಿಸಿ ಎತ್ತಿಡ್ರಿ, ಮುಂದಿನ ಮರಿಗೆ ಬೇಕಾಗ್ತದ.