ಪದಚರ್ಚೆ: ‘ಮುಖ ಕೆಂಪಾಗುವುದು’ ಸಾಕೇ, ‘ಒಣ ಕಾವು’ ಎನ್ನಬಹುದೇ?

ಮಾನ್ಯರೇ,

ಕಾರ್ಸಿನಾಯ್ಡ್ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯನ್ನೂ, ಅದರಂತೆಯೇ ತೋರಿ ವೈದ್ಯರನ್ನೂ ರೋಗಿಗಳನ್ನೂ ದಾರಿ ತಪ್ಪಿಸುವ ಬೇರೆ ತೊಂದರೆಗಳನ್ನೂ ಕುರಿತು ರೋಗಿಗಳ ಮನೆಯವರಿಗಾಗಿ ಸಿದ್ಧವಾಗುತ್ತಿರುವ ಸಣ್ಣ ಕೈಪಿಡಿಯೊಂದರ ಕನ್ನಡವನ್ನು ತಿದ್ದುವ ಕೆಲಸ ಈಗ ನನ್ನ ಕೈಯಲ್ಲಿದೆ. ಇದರಲ್ಲಿ ನನ್ನನ್ನು ಕಾಡುತ್ತಿರುವ ಮುಖ್ಯ ಪದ ಒಂದೇ, ಅದು ‘ಫ್ಲಶಿಂಗ್’, ಅಂದರೆ ಮುಖ ಇದ್ದಕ್ಕಿದ್ದಂತೆ ಕಾದು ಕೆಂಪೇರುವುದು. ನನಗೆ ಬಂದ ಕರಡಿನಲ್ಲಿ ಒಂದು ಕಡೆ ಅದು ‘ಮುಖ ತೊಳೆಯುವಿಕೆ’ ಎಂದಾಗಿತ್ತು, ಇನ್ನೊಂದು ಕಡೆ ‘ಮುಖ ಕೆಂಪಾಗುವುದು’ ಎಂದಾಗಿತ್ತು, ಮತ್ತೊಂದು ಕಡೆ ‘ಮೈ ಉರಿ’ ಎಂದಾಗಿತ್ತು. ಮೊದಲನೆಯದನ್ನು ತೆಗೆದುಹಾಕಲು ಯೋಚಿಸಬೇಕಾಗಲಿಲ್ಲ. ಉಳಿದ ಎರಡರ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು, ಏಕೆಂದರೆ ಈ ಕಾಯಿಲೆಯನ್ನು ಅದರ ನೆರೆಹೊರೆಯ ಕಾಯಿಲೆಗಳಿಂದ ಬೇರ್ಪಡಿಸುವ ಮೊದಲ ಸುಳಿವು ರೋಗಿ ಆಡುವ ಈ ಒಂದು ಮಾತಿನಲ್ಲೇ ಇರುತ್ತದೆ.

ವಿಷಯ ಹೀಗಿದೆ. ಸಾಮಾನ್ಯವಾಗಿ ಸಣ್ಣ ಕರುಳಿನಲ್ಲಿ ಹುಟ್ಟುವ ಒಂದು ಬಗೆಯ ಗಂತಿ (ಟ್ಯೂಮರ್) ಸೆರೊಟೋನಿನ್ ಮೊದಲಾದ ರಾಸಾಯನಿಕಗಳನ್ನು ಸುರಿಸುತ್ತದೆ. ಅವು ಕರುಳಿನಿಂದ ಯಕೃತ್ತಿಗೆ ಬಂದು ಅಲ್ಲೇ ನಾಶವಾಗುವುದರಿಂದ ಬಹಳ ಕಾಲ ಹೊರಗೆ ಏನೂ ಕಾಣುವುದಿಲ್ಲ. ಗಂತಿ ಯಕೃತ್ತಿಗೇ ಹರಡಿದಾಗ ಅವು ನೇರವಾಗಿ ರಕ್ತಕ್ಕೆ ಸೇರುತ್ತವೆ, ಆಗ ಮುಖ ಮತ್ತು ಎದೆಯ ಮೇಲ್ಭಾಗ ಇದ್ದಕ್ಕಿದ್ದಂತೆ ಕಾದು ಕೆಂಪೇರುವುದು, ನೀರಿನಂಥ ಭೇದಿ, ಉಸಿರಿನಲ್ಲಿ ಸಿಳ್ಳೆಯ ಸದ್ದು, ಮುಂದೆ ಹೃದಯದ ಬಲಭಾಗದ ಕವಾಟಗಳ ಹಾನಿ, ಇವೆಲ್ಲ ಕಾಣಿಸಿಕೊಳ್ಳುತ್ತವೆ. ಆದ್ದರಿಂದ ಗಂತಿಯೇ ಬೇರೆ, ಅದು ಉಂಟುಮಾಡುವ ಲಕ್ಷಣಗಳ ಕೂಟವೇ ಬೇರೆ. ಗಂತಿ ಇರುವವರಲ್ಲಿ ಎಲ್ಲರಿಗೂ ಲಕ್ಷಣಕೂಟ ಇರುವುದಿಲ್ಲ. ಕರಡಿನಲ್ಲಿ ಎರಡಕ್ಕೂ ‘ಕಾರ್ಸಿನಾಯ್ಡ್ ರೋಗ’ ಎಂದೇ ಬರೆದಿದ್ದರು. ನಾನು ‘ಕಾರ್ಸಿನಾಯ್ಡ್ ಗಂತಿ’, ‘ಕಾರ್ಸಿನಾಯ್ಡ್ ಲಕ್ಷಣಕೂಟ’ ಎಂದು ಬಿಡಿಸಿದ್ದೇನೆ.

ಕಾರ್ಸಿನಾಯ್ಡ್ ಎಂಬ ಹೆಸರನ್ನೇ ಕನ್ನಡಿಸಬೇಕೆಂದು ಒಬ್ಬ ಗೆಳೆಯರು ‘ಹುಸಿ ಅರ್ಬುದ’ವನ್ನು (ಅರ್ಬುದವೆಂದರೆ ಕ್ಯಾನ್ಸರ್) ಸೂಚಿಸಿದರು. 1907ರಲ್ಲಿ ಮ್ಯೂನಿಕ್‌ನ ರೋಗಶಾಸ್ತ್ರಜ್ಞ ಸೀಗ್‌ಫ್ರೀಡ್ ಓಬರ್ನ್‌ಡಾರ್ಫರ್ ಈ ಹೆಸರಿಟ್ಟಾಗ ‘ಅರ್ಬುದದಂತೆ ಕಾಣುವಂಥದ್ದು, ಆದರೆ ಅಷ್ಟು ಕೆಡುಕಿನದಲ್ಲ’ ಎಂಬ ಅರ್ಥವೇ ಇದ್ದದ್ದು ನಿಜ. ಆದರೆ ಇವು ಹರಡಿ ಕೇಡು ಮಾಡಬಲ್ಲವು ಎಂದು 1929ರಲ್ಲಿ ಅವರೇ ತಿದ್ದಿಕೊಂಡರು. ಹಾಗಿರುವಾಗ ‘ಹುಸಿ’ ಎಂದರೆ ಓದಿದವರು ನೆಮ್ಮದಿಯಿಂದ ಮನೆಗೆ ಹೋಗುತ್ತಾರೆ, ಅದು ಅಪಾಯ. ಇಲ್ಲಿ ಇಂಗ್ಲಿಷ್ ಹೆಸರನ್ನೇ ಕನ್ನಡ ಲಿಪಿಯಲ್ಲಿ ಉಳಿಸಿಕೊಳ್ಳುವುದು ಸರಿ ಎಂಬುದು ನನ್ನ ನಿಲುವು.

ಈಗ ‘ಮೈ ಉರಿ’ಯ ಪ್ರಶ್ನೆ. ಎರಡು ವರ್ಷದ ಹಿಂದೆ ಬಸವನಗುಡಿಯಲ್ಲಿರುವ ನನ್ನ ದೊಡ್ಡಮ್ಮನವರನ್ನು ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋಗಿದ್ದೆ. “ಏನಾಗುತ್ತೆ ಅಮ್ಮಾ?” ಎಂದು ಕಿರಿಯ ವೈದ್ಯರು ಕೇಳಿದರು. “ಉರಿ ಕಣಪ್ಪ, ಮುಖಕ್ಕೆ ಕೆಂಡ ಹಿಡಿದ ಹಾಗೆ” ಎಂದರು ದೊಡ್ಡಮ್ಮ. ಆ ವೈದ್ಯರು ಹಾಳೆಯ ಮೇಲೆ ‘ಉರಿ’ಯನ್ನಷ್ಟೇ ಬರೆದುಕೊಂಡು, ಸಕ್ಕರೆ ಕಾಯಿಲೆಯಿಂದ ನರಗಳಿಗೆ ತೊಂದರೆಯಾಗಿದೆಯೇ ಎಂದು ಅಂಗಾಲು ಮುಟ್ಟಿ ನೋಡತೊಡಗಿದರು. ಆಮೇಲೆ ಬಂದ ಹಿರಿಯ ವೈದ್ಯೆ ಎರಡೇ ಪ್ರಶ್ನೆ ಕೇಳಿದರು: “ಉರಿ ಬಂದಾಗ ಬೆವರುತ್ತಾ? ಅದು ಶುರುವಾಗುವುದಕ್ಕೆ ಮುಂಚೆ ಯಾವುದಾದರೂ ಹೊಸ ಮಾತ್ರೆ ಕೊಟ್ಟಿದ್ದರಾ?” ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ಮಾತ್ರೆಯ ಪಟ್ಟಿಯನ್ನು ತೋರಿಸಿದರು. ಅದು ಬಿಪಿಗೆಂದು ಕೊಟ್ಟಿದ್ದ ಆಮ್ಲೊಡಿಪಿನ್. ರಕ್ತನಾಳಗಳನ್ನು ಹಿಗ್ಗಿಸುವ ಇಂಥ ಮಾತ್ರೆಗಳಿಂದ ಕೆಲವರಿಗೆ ಮುಖ ಕಾಯುವುದುಂಟು. ಮಾತ್ರೆ ಬದಲಾಯಿಸಿದ ಮೇಲೆ ಅದು ನಿಂತಿತು. ಎದೆಯುರಿ, ಕಣ್ಣುರಿ, ಉರಿಮೂತ್ರ, ಅಂಗಾಲುರಿ ಎಂದು ಇಷ್ಟು ಕಡೆ ದುಡಿಯುವ ‘ಉರಿ’ಯ ಮೇಲೆ ಇದೊಂದು ಹೊರೆಯನ್ನೂ ಹೇರಬಾರದೆಂದು ಅಂದೇ ನನಗನ್ನಿಸಿತ್ತು.

‘ಕೆಂಪಾಗುವುದು’ ಎಂಬುದರಲ್ಲಿ ಇನ್ನೊಂದು ತೊಡಕಿದೆ. ನಮ್ಮಲ್ಲಿ ಬಹುಪಾಲು ಜನರ ಮೈಬಣ್ಣದ ಮೇಲೆ ಈ ಕೆಂಪು ಕಣ್ಣಿಗೆ ಬೀಳುವುದೇ ಇಲ್ಲ, ಮುಖ ಕೊಂಚ ಕಪ್ಪಿಟ್ಟಂತೆ ಕಾಣಬಹುದು, ಅಷ್ಟೆ. ‘ನಿಮ್ಮ ಮುಖ ಕೆಂಪಾಗುತ್ತದೆಯೇ?’ ಎಂದು ಓದಿದವರು ಕನ್ನಡಿ ನೋಡಿ ‘ಇಲ್ಲ’ ಎಂದು ಗೆರೆ ಎಳೆದುಬಿಡುತ್ತಾರೆ. ಬಣ್ಣ ನೋಡುವವರಿಗೆ ಕಾಣುವಂಥದ್ದು, ಕಾವು ಅನುಭವಿಸುವವರಿಗೆ ತಿಳಿಯುವಂಥದ್ದು. ರೋಗಿ ಓದುವ ಪುಸ್ತಕಕ್ಕೆ ಎರಡನೆಯದೇ ಬೇಕು. ಆದುದರಿಂದ ‘ಮುಖ ಕಾವೇರುವುದು’ ಎಂಬ ರೂಪವನ್ನು ನಾನು ಮುಂದಿಡುತ್ತಿದ್ದೇನೆ. ಚುನಾವಣಾ ಕಣ ಕಾವೇರಿತು ಎಂದು ಪತ್ರಿಕೆಗಳು ದಿನವೂ ಬರೆಯುವುದರಿಂದ ಕ್ರಿಯಾಪದ ಹೊಸದಲ್ಲ. ಕೋಳಿ ಕಾವು ಕೂರುವುದರ ನೆನಪು ಬರುತ್ತದೆಂಬ ಆಕ್ಷೇಪ ಬರಬಹುದು, ಆದರೆ ‘ಮುಖ’ ಎಂಬ ಪದ ಜೊತೆಗಿದ್ದರೆ ಗೊಂದಲವಾಗಲಾರದು.

ಈ ರೂಪದ ದೊಡ್ಡ ಅನುಕೂಲ ಮುಂದಿನ ಹೆಜ್ಜೆಯಲ್ಲಿದೆ. ವೈದ್ಯರು ಕಾವನ್ನು ಬೆವರಿಲ್ಲದ್ದು, ಬೆವರಿನದು ಎಂದು ಎರಡಾಗಿ ನೋಡುತ್ತಾರೆ. ಕಾರ್ಸಿನಾಯ್ಡ್‌ನಲ್ಲಿ ಬರುವುದು ಸಾಮಾನ್ಯವಾಗಿ ಬೆವರಿಲ್ಲದ ಕಾವು. ಮುಟ್ಟು ನಿಲ್ಲುವ ಕಾಲದಲ್ಲಿ ಬರುವುದು ಬೆವರು ಸುರಿಸುವ ಕಾವು, ರಾತ್ರಿ ಹಾಸಿಗೆ ಒದ್ದೆಯಾಗುವಷ್ಟು. ನಡುವಯಸ್ಸಿನ ಹೆಂಗಸರಲ್ಲಿ ಮೊದಲನೆಯದನ್ನು ಎರಡನೆಯದೆಂದು ಭಾವಿಸಿ ಕಾಲ ಕಳೆಯುವುದುಂಟು. ‘ಒಣ ಕಾವು’, ‘ಬೆವರು ಕಾವು’ ಎಂದರೆ ಅಡುಗೆಮನೆಯಲ್ಲಿರುವವರಿಗೂ ಒಂದೇ ಸಲಕ್ಕೆ ತಿಳಿಯುತ್ತದೆ. ಒಣಕೆಮ್ಮು ಎಂಬ ಮಾದರಿ ನಮ್ಮಲ್ಲಿ ಮೊದಲೇ ಇದೆ.

ಉಳಿದ ನೆರೆಹೊರೆಯವರಿಗೆ ಕನ್ನಡವೇ ಒಳ್ಳೆಯ ಮಾತುಗಳನ್ನು ಇಟ್ಟುಕೊಂಡಿದೆ. ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಲ್ಲಿ ಹುಟ್ಟುವ ಫಿಯೋಕ್ರೋಮೊಸೈಟೋಮ ಎಂಬ ಗಂತಿಯಲ್ಲಿ ತಲೆನೋವು, ಎದೆಬಡಿತ, ಬೆವರು, ಏರಿದ ಬಿಪಿ ಒಟ್ಟಿಗೆ ಬರುತ್ತವೆ, ಆದರೆ ಮುಖ ಹೆಚ್ಚಾಗಿ ‘ಬಿಳಿಚಿಕೊಳ್ಳುತ್ತದೆ’. ಮಾಸ್ಟ್ ಕೋಶಗಳೆಂಬ ರಕ್ಷಣಾ ಕೋಶಗಳು ಮೈಯಲ್ಲಿ ಅತಿಯಾಗಿ ಸೇರಿಕೊಳ್ಳುವ ಮಾಸ್ಟೋಸೈಟೋಸಿಸ್‌ನಲ್ಲಿ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಕಾವಿನ ಜೊತೆ ತುರಿಕೆ, ಗಂಧೆ ಏಳುವುದು ಸಾಮಾನ್ಯ. ಅದನ್ನು ‘ಪಿತ್ತದ ಗಂಧೆಯಂತೆ’ ಎಂದರೆ ಸಾಕು, ವಿವರಣೆ ಬೇಡ. ರೊಸೇಸಿಯಾ ಎಂಬ ಚರ್ಮದ ತೊಂದರೆಯಲ್ಲಿ ಬಣ್ಣ ಬಂದು ಹೋಗದೆ ಮೂಗು ಕೆನ್ನೆಗಳ ಮೇಲೆ ‘ಕೂತುಬಿಡುತ್ತದೆ’. ಗಾಬರಿಯ ಹೊಡೆತದಲ್ಲಿಯೂ ಮುಖ ಕಾಯಬಹುದು, ಆದರೆ ಅದು ತಿಂಗಳುಗಟ್ಟಲೆ ನೀರುಭೇದಿಯನ್ನು ಜೊತೆಗೆ ತರುವುದಿಲ್ಲ.

ಭೇದಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಐಬಿಎಸ್ ಎಂದು ಎಲ್ಲರೂ ಕರೆಯುವ ಕರುಳಿನ ಕಿರಿಕಿರಿಯೊಂದಿಗೆ ಈ ಕಾಯಿಲೆ ಬಹಳ ಸಲ ಗೊಂದಲವಾಗುತ್ತದೆ. ‘ಹೊಟ್ಟೆ ಸರಿಯಿಲ್ಲ’ ಎಂಬ ಮಾತು ಎರಡಕ್ಕೂ ಸಲ್ಲುವುದರಿಂದ ಗೊಂದಲ ಇನ್ನೂ ಬೆಳೆಯುತ್ತದೆ. ಐಬಿಎಸ್ ಸಾಮಾನ್ಯವಾಗಿ ನಿದ್ದೆಯಿಂದ ಎಬ್ಬಿಸುವುದಿಲ್ಲ. ಕಾರ್ಸಿನಾಯ್ಡ್‌ನ ಭೇದಿ ಉಪವಾಸವಿದ್ದರೂ ನಿಲ್ಲದೆ, ರಾತ್ರಿಯೂ ಎಬ್ಬಿಸಬಹುದು. ಕೈಪಿಡಿಯಲ್ಲಿ ನಾನು ‘ನಿದ್ದೆಗೆಡಿಸುವ ಭೇದಿ’ ಎಂದೇ ಬರೆದಿದ್ದೇನೆ.

‘ಉಬ್ಬಸ’ ನನಗಿನ್ನೂ ಬಗೆಹರಿದಿಲ್ಲ. ನಾವು ಆಸ್ತಮಾ ಎಂಬ ಕಾಯಿಲೆಗೂ ಉಬ್ಬಸ ಎನ್ನುತ್ತೇವೆ, ಉಸಿರು ಸಿಳ್ಳೆ ಹಾಕುವ ಲಕ್ಷಣಕ್ಕೂ ಉಬ್ಬಸ ಎನ್ನುತ್ತೇವೆ. ‘ಕಾರ್ಸಿನಾಯ್ಡ್‌ನಲ್ಲಿ ಉಬ್ಬಸ ಬರುತ್ತದೆ’ ಎಂದು ಓದಿದವರು ತಮಗೆ ಆಸ್ತಮಾ ಬಂದಿದೆಯೆಂದೇ ತಿಳಿಯುತ್ತಾರೆ. ಲಕ್ಷಣಕ್ಕೆ ‘ಸಿಳ್ಳುಸಿರು’ ಎಂದು ಕಟ್ಟಿನೋಡಿದೆ, ಕಿವಿಗೆ ಹೊಂದಿದರೂ ಕೃತಕವೆನಿಸಿತು.

ಕೊನೆಯದು ‘ಪಥ್ಯ’. ಈ ಕಾಯಿಲೆ ಪತ್ತೆಗೆ 24 ಗಂಟೆಯ ಮೂತ್ರ ಸಂಗ್ರಹಿಸಿ 5-ಎಚ್‌ಐಎಎ ಎಂಬ ವಸ್ತುವನ್ನು ಅಳೆಯುತ್ತಾರೆ. ಸೆರೊಟೋನಿನ್ ಒಡೆದಾಗ ಉಳಿಯುವುದು ಅದೇ. ಬಾಳೆಹಣ್ಣು, ಅನಾನಸ್, ಟೊಮೆಟೊ, ಅಕ್ರೋಟು ತಿಂದಿದ್ದರೆ ಅಳತೆ ಸುಳ್ಳಾಗಿ ಏರುತ್ತದೆ, ಆದ್ದರಿಂದ ಎರಡು ಮೂರು ದಿನ ಮುಂಚಿನಿಂದ ಅವನ್ನು ಬಿಡಬೇಕು. ಇದನ್ನು ‘ಪಥ್ಯ’ ಎಂದರೆ ಬಾಳೆಹಣ್ಣಿನಿಂದಲೇ ಕಾಯಿಲೆ ಬರುತ್ತದೆಂದು ಜನ ತಿಳಿದು ಜೀವನಪೂರ್ತಿ ಬಿಟ್ಟುಬಿಡುತ್ತಾರೆ. ಆ ಪದವನ್ನು ತೆಗೆದು ‘ಪರೀಕ್ಷೆ ಮುಗಿಯುವವರೆಗೆ ತಿನ್ನಬೇಡಿ’ ಎಂದು ನೇರವಾಗಿ ಬರೆದಿದ್ದೇನೆ.

ನನ್ನ ಕೋರಿಕೆ ಎರಡು. ಮುಖ ಇದ್ದಕ್ಕಿದ್ದಂತೆ ಕಾಯುವುದಕ್ಕೆ ಧಾರವಾಡ, ಕಲಬುರಗಿ, ಕುಂದಾಪುರ, ಚಾಮರಾಜನಗರದ ಕಡೆ ಮನೆಯ ಹಿರಿಯ ಹೆಂಗಸರು ಯಾವ ಮಾತು ಬಳಸುತ್ತಾರೆ ಎಂಬುದನ್ನು ದಯವಿಟ್ಟು ಅವರ ಬಾಯಿಂದ ಕೇಳಿದ ಹಾಗೆಯೇ ತಿಳಿಸಿ. ಮತ್ತೆ, ಉಸಿರಿನ ಸಿಳ್ಳೆಗೆ ‘ಉಬ್ಬಸ’ವಲ್ಲದ, ನಿಮ್ಮ ಊರಿನಲ್ಲಿ ಬಳಕೆಯಲ್ಲಿರುವ ಪದವಿದ್ದರೆ ಅದೂ ಬೇಕು.