ಸ್ವಿಫ್ಟ್‌ಗೆ ಹಾರ್ನೆಸ್: ಹಿಂದಿನ ಸೀಟಿನ ಬೆಲ್ಟ್ ಬೋಲ್ಟಿಗೇ ಕಟ್ಟಿದರೆ ಸಾಕಲ್ವಾ?

ಹಾಸನದ_ಸ್ವಿಫ್ಟ್:

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಪೆಟ್ರೋಲ್ ಸ್ವಿಫ್ಟ್. ವರ್ಷಕ್ಕೆ ಮೂರ್ನಾಲ್ಕು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೆ ಟ್ರ್ಯಾಕಿಗೆ ಹೋಗುತ್ತೇನೆ. ಮಿಕ್ಕ ದಿನ ಆಫೀಸು, ತರಕಾರಿ, ಅತ್ತೆ ಮನೆ ಎಲ್ಲ ಇದೇ ಕಾರಿನಲ್ಲಿ. ತಿರುವಿನಲ್ಲಿ ಸೀಟಿನ ಮೇಲೆ ಜಾರಿ ಹೋಗುತ್ತೇನೆ. ಬಲ ಮೊಣಕಾಲನ್ನು ಬಾಗಿಲಿಗೆ ಒತ್ತಿಕೊಂಡೇ ಓಡಿಸಬೇಕು, ಸಂಜೆಗೆ ಮೊಣಕಾಲು ನೀಲಿಗಟ್ಟಿರುತ್ತದೆ.

ಗೆಳೆಯರೊಬ್ಬರು ತಾವು ಬಳಸಿದ ನಾಲ್ಕು ಪಾಯಿಂಟ್ ಹಾರ್ನೆಸ್ (ಎರಡು ಭುಜ, ಸೊಂಟದ ಎರಡು ಬದಿ, ಹೀಗೆ ನಾಲ್ಕು ಕಡೆ ಕಟ್ಟುವ ರೇಸ್ ಬೆಲ್ಟ್) ಕೊಡುತ್ತೇನೆ ಅಂದಿದ್ದಾರೆ. ಕಂಪನಿ ಸೀಟಿನ ಮೇಲೇ ಹಾಕಿ, ಭುಜದ ಪಟ್ಟಿಗಳನ್ನು ಹಿಂದಿನ ಸೀಟಿನ ಬಕಲ್ ಬೋಲ್ಟಿಗೆ ಕಟ್ಟೋಣ ಅಂತಿದ್ದೇನೆ. ತೂತು ಕೊರೆಯುವುದೇ ಬೇಡ. ಸಾಕಲ್ವಾ?

ಟರ್ಬೊ_ಮಗಾ:

ಸಾಕು ಗುರು. ನಾನು ಎರಡು ವರ್ಷದಿಂದ ಹಾಗೇ ಹಾಕಿಕೊಂಡಿದ್ದೇನೆ, ಏನೂ ಆಗಿಲ್ಲ. ಆ ಬೋಲ್ಟು ಕಂಪನಿಯವರೇ ಬೆಲ್ಟಿಗೆ ಅಂತ ಕೊಟ್ಟಿರುವುದು. ಆನೆ ಎಳೆದರೂ ಕಿತ್ತು ಬರಲ್ಲ.

ಪೀಣ್ಯದ_ವೆಲ್ಡರ್:

ಬೋಲ್ಟು ಕಿತ್ತು ಬರಲ್ಲ, ಒಪ್ಪಿದೆ. ನನಗೆ ಭಯ ಬೆನ್ನುಮೂಳೆಯದ್ದು.

ಹಾಸನದವರೇ, ಒಂದು ಕೆಲಸ ಮಾಡಿ. ಸೀಟಿನಲ್ಲಿ ಕೂತು, ಮನೆಯವರ ಕೈಯಲ್ಲಿ ಒಂದು ದಾರ ಕೊಟ್ಟು ನಿಮ್ಮ ಭುಜದಿಂದ ಆ ಬೋಲ್ಟಿನವರೆಗೆ ಬಿಗಿಯಾಗಿ ಹಿಡಿಸಿ. ನನ್ನ ಹಳೇ ಕಾರಿನಲ್ಲಿ ಅಳೆದಾಗ ಹಿಂದಕ್ಕೆ 70 ಸೆಂ.ಮೀ., ಕೆಳಕ್ಕೆ 55 ಬಂತು. ಅಂದರೆ 38 ಡಿಗ್ರಿ ಇಳಿಜಾರು. ಗುದ್ದಿದಾಗ ನೀವು ಮುಂದಕ್ಕೆ ಹೋಗುತ್ತೀರಿ. ಪಟ್ಟಿ ನಿಮ್ಮನ್ನು ಹಿಂದಕ್ಕೆ ಹಿಡಿಯುವುದರ ಜೊತೆಗೆ ಭುಜವನ್ನು ಕೆಳಕ್ಕೂ ಒತ್ತುತ್ತದೆ. ಪಟ್ಟಿಯಲ್ಲಿ 500 ಕೆ.ಜಿ. ಎಳೆತ ಬಂತು ಅಂದುಕೊಳ್ಳಿ. 38 ಡಿಗ್ರಿಯಲ್ಲಿ ಅದರಲ್ಲಿ 300 ಕೆ.ಜಿ. ಕೆಳಮುಖ. ಒಂದೊಂದು ಭುಜದ ಮೇಲೆ ಆರಾರು ಸಿಮೆಂಟ್ ಮೂಟೆ ಧೊಪ್ಪೆಂದು ಬಿದ್ದ ಹಾಗೆ. ಅದೆಲ್ಲ ಹೋಗಿ ಕೂರುವುದು ಬೆನ್ನುಮೂಳೆ ಮೇಲೆ.

ಜಾಗತಿಕ ಮೋಟಾರ್ ರೇಸಿಂಗ್ ಸಂಸ್ಥೆ ಎಫ್‌ಐಎಯ ನಿಯಮದ ಅಪೆಂಡಿಕ್ಸ್ ಜೆ ತೆಗೆದು ನೋಡಿ. ಭುಜದ ಪಟ್ಟಿ 45 ಡಿಗ್ರಿ ದಾಟಬಾರದು ಅಂತಿದೆ. 10 ದಾಟದಿದ್ದರೆ ಒಳ್ಳೆಯದು ಅಂತ ಪಕ್ಕದಲ್ಲೇ ಇದೆ. ನಮ್ಮ ಜನ 45 ಓದಿ ಪುಸ್ತಕ ಮುಚ್ಚಿಬಿಡುತ್ತಾರೆ. ಪಟ್ಟಿ ಉದ್ದವಾದಷ್ಟೂ ಜಾಸ್ತಿ ಹಿಗ್ಗುತ್ತದೆ, ಅದು ಬೇರೆ. ಸೀಟಿನ ಹಿಂದೆ 25 ಸೆಂ.ಮೀ. ದೂರದಲ್ಲಿ, ಭುಜಕ್ಕಿಂತ 5 ಸೆಂ.ಮೀ. ಕೆಳಗೆ ಅಡ್ಡ ಬಾರ್ ಇದ್ದರೆ 11 ಡಿಗ್ರಿ ಬರುತ್ತದೆ. ಪಟ್ಟಿಯನ್ನು ಆ ಬಾರಿಗೆ ಸುತ್ತಿ, ಮೂರು ಕಂಬಿಯ ಬಕಲಿನಲ್ಲಿ ತೂರಿಸಿ, ತುದಿಯನ್ನು ಮತ್ತೆ ವಾಪಸ್ ತೂರಿಸಬೇಕು. ವಾಪಸ್ ತೂರಿಸುವುದನ್ನು ಮರೆತರೆ ಮೆಲ್ಲಗೆ ಜಾರಿಕೊಂಡು ಬಿಚ್ಚುತ್ತದೆ.

ಇನ್ನು ನಾಲ್ಕು ಪಾಯಿಂಟಿನ ವಿಷಯ. ಇದು ನನ್ನ ಹೊಟ್ಟೆಗೇ ಗೊತ್ತು. ವರ್ಷಗಳ ಹಿಂದೆ ನಾನೂ ನಿಮ್ಮ ಹಾಗೇ ಕಂಪನಿ ಸೀಟಿನ ಮೇಲೆ ನಾಲ್ಕು ಪಾಯಿಂಟ್ ಹಾಕಿದ್ದೆ. ಭುಜದ ಪಟ್ಟಿ ಎಳೆದೆಳೆದು ಬಿಗಿ ಮಾಡಿದ್ದೆ. ಎಳೆದಾಗೆಲ್ಲ ನಡುವಿನ ಬಕಲ್ ಒಂದೊಂದು ಬೆರಳು ಮೇಲೆ ಬರುತ್ತಿತ್ತು, ನಾನು ಗಮನಿಸಲಿಲ್ಲ. ಬ್ರೇಕ್ ಲಾಕ್ ಆಗಿ ಟೈರ್ ಗೋಡೆಗೆ ಹೋಗಿ ಗುದ್ದಿದೆ. ವೇಗ ಹೆಚ್ಚೇನಿಲ್ಲ, 40ರ ಆಸುಪಾಸು. ಸೊಂಟ ಬೆಲ್ಟಿನ ಕೆಳಗಿಂದ ಮುಂದಕ್ಕೆ ಜಾರಿತು. ಕಣ್ಣು ಬಿಟ್ಟು ನೋಡಿದರೆ ಗಲ್ಲ ಎದೆಗೆ ಅಂಟಿದೆ, ಬಕಲ್ ಪಕ್ಕೆಲುಬಿನ ಕೆಳಗೆ ಮೆತ್ತನೆ ಜಾಗದಲ್ಲಿ ಹೂತಿದೆ. ಅದರ ದುಂಡು ಗುರುತು ಹದಿನೈದು ದಿನ ಹೊಟ್ಟೆ ಮೇಲಿತ್ತು. ಸೀನು ಬಂದರೆ ಗೋಡೆ ಹಿಡಿದುಕೊಂಡು ನಿಲ್ಲುತ್ತಿದ್ದೆ.

ಬಕಲನ್ನು ಕೆಳಗೆ ಹಿಡಿದಿಡುವುದು ತೊಡೆ ಸಂದಿಯ ಪಟ್ಟಿ. ಐದು ಅಥವಾ ಆರು ಪಾಯಿಂಟಿನಲ್ಲಿ ಅದು ಇರುತ್ತದೆ. ಅದು ಹಾದುಬರಲು ಸೀಟಿನಲ್ಲಿ ತೂತು ಬೇಕು, ಕಂಪನಿ ಸೀಟಿನಲ್ಲಿ ಎಲ್ಲಿದೆ? ಹಾಗಾಗಿ ಬಕೆಟ್ ಸೀಟು, ಅಂದರೆ ಪಟ್ಟಿಗೆ ತೂತಿರುವ ರೇಸ್ ಸೀಟು ಬಂತು. ಶ್ರಾತ್ ಅನ್ನುವ ಬೆಲ್ಟ್ ಕಂಪನಿಯವರ ಎಎಸ್‌ಎಂ ಅಂತ ಒಂದು ನಾಲ್ಕು ಪಾಯಿಂಟ್ ಬೆಲ್ಟಿದೆ, ಸೊಂಟ ಹಾಗೆ ಜಾರದಿರಲಿ ಅಂತ ಗುದ್ದಿದಾಗ ಒಂದು ಭುಜದ ಹೊಲಿಗೆ ಹರಿದು ಪಟ್ಟಿ ಸ್ವಲ್ಪ ಉದ್ದವಾಗುತ್ತದೆ. ಆದರೆ ಅದನ್ನೂ ಅವರು ಹೇಳಿದ ಕಾರಿಗೆ, ಹೇಳಿದ ಸೀಟಿಗೆ ಮಾತ್ರ ಹಾಕಬೇಕು.

ಬಕೆಟ್ ಸೀಟು ಬಂದರೆ ರೋಲ್ ಬಾರೂ (ಟಾಪು ಕುಸಿಯದ ಹಾಗೆ ಒಳಗೆ ಹಾಕುವ ಉಕ್ಕಿನ ಕಮಾನು) ಬರಬೇಕು. ಕಾರು ಮಗುಚಿ ಟಾಪು ಕುಸಿದರೆ ಕಂಪನಿ ಬೆಲ್ಟಿನಲ್ಲಿ ಮೈ ಪಕ್ಕಕ್ಕೆ ವಾಲಲು ಸ್ವಲ್ಪ ಜಾಗ ಇರುತ್ತದೆ. ಹಾರ್ನೆಸ್ಸಿನಲ್ಲಿ ಕಂಬದ ಹಾಗೆ ನೆಟ್ಟಗೆ ಕೂತಿರುತ್ತೀರಿ. ಎಫ್‌ಐಎ ಕೇಳುವುದು ಬೆಸುಗೆ ಗೆರೆ ಇಲ್ಲದ ಉಕ್ಕಿನ ಕೊಳವೆ: ಮುಖ್ಯ ಬಾರಿಗೆ 45 ಮಿ.ಮೀ. ವ್ಯಾಸ 2.5 ದಪ್ಪ, ಇಲ್ಲವೇ 50ಕ್ಕೆ 2. ಪಟ್ಟಿ ಸುತ್ತುವ ಅಡ್ಡ ಬಾರಿಗೆ 38ಕ್ಕೆ 2.5. ನಮ್ಮ ಶೆಡ್ಡಿಗೆ ಒಬ್ಬರು ನೀರಿನ ಜಿಐ ಪೈಪಿನಲ್ಲಿ ಮಾಡಿಸಿದ ಬಾರ್ ತಂದಿದ್ದರು. ಪೇಂಟ್ ಮಾತ್ರ ತುಂಬಾ ಚೆನ್ನಾಗಿತ್ತು.

ಸೊಂಟದ ಪಟ್ಟಿಗೆ ಫ್ಲೋರಿನಲ್ಲಿ ಹೊಸ ತೂತು ಕೊರೆದರೆ ಕೆಳಗಿನಿಂದ ಪ್ಲೇಟ್ ಕೊಡಿ. ಕನಿಷ್ಠ 3 ಮಿ.ಮೀ. ದಪ್ಪ, 40 ಚದರ ಸೆಂ.ಮೀ. ಬರೀ ವಾಷರ್ ಹಾಕಿದರೆ ತಗಡು ಹರಿದುಕೊಂಡು ಬರುತ್ತದೆ. ಪಟ್ಟಿ ಸಿಕ್ಕಿಸುವ ಐ ಬೋಲ್ಟ್ (ತಲೆಯಲ್ಲಿ ಬಳೆ ಇರುವ ಬೋಲ್ಟು) ಸಾಮಾನ್ಯವಾಗಿ 7/16 ಯುಎನ್‌ಎಫ್ ಅನ್ನುವ ಇಂಚಿನ ಅಳತೆಯ ಥ್ರೆಡ್ಡಿನದು. ಕೈಯಲ್ಲೇ ನಾಲ್ಕು ಸುತ್ತು ಹೋಗದಿದ್ದರೆ ಸ್ಪ್ಯಾನರ್ ಹಾಕಿ ತುರುಕಬೇಡಿ.

ಟರ್ಬೊ_ಮಗಾ, ನಿಮ್ಮದೂ ಒಂದು ಸಲ ದಾರ ಹಿಡಿದು ನೋಡಿ.

ಮೈಸೂರು_ಮಾರ್ಷಲ್:

ವೆಲ್ಡರ್ ಅಣ್ಣ ಕುತ್ತಿಗೆ ಬಿಟ್ಟರು, ಅದನ್ನು ನಾನು ಹೇಳುತ್ತೇನೆ. ಎರಡೂ ಭುಜ ಕಟ್ಟಿಹಾಕಿದರೆ ಮುಂದಕ್ಕೆ ಹೋಗುವುದು ತಲೆ ಒಂದೇ. ಮೇಲೆ ಹೆಲ್ಮೆಟ್ ಭಾರ ಬೇರೆ. ಅಮೆರಿಕದ 2001ರ ಡೇಟೋನಾ 500 ರೇಸಿನಲ್ಲಿ ಚಾಲಕ ಡೇಲ್ ಅರ್ನ್‌ಹಾರ್ಟ್ ತೀರಿಕೊಂಡಿದ್ದು ತಲೆಬುರುಡೆಯ ಬುಡ ಮುರಿದು. ಅದೇ ವರ್ಷ ಅಕ್ಟೋಬರಿನಲ್ಲಿ ಆ ರೇಸ್ ನಡೆಸುವ ನಾಸ್ಕಾರ್ ಸಂಸ್ಥೆ ತಲೆ ಕುತ್ತಿಗೆ ಹಿಡಿಯುವ ಸಾಧನ ಕಡ್ಡಾಯ ಮಾಡಿತು. ಫಾರ್ಮುಲಾ ಒನ್‌ನಲ್ಲಿ 2003ರಿಂದ ಅಂಥದ್ದೇ ಒಂದು ಸಾಧನ, ಹಾನ್ಸ್, ಕಡ್ಡಾಯ. ಹಾರ್ನೆಸ್ಸಿಗೆ ದುಡ್ಡು ಇಡುವಾಗ ಹಾನ್ಸ್‌ಗೂ ಸೇರಿಸಿ ಇಡಿ.

ಹಾಸನದ_ಸ್ವಿಫ್ಟ್:

ದಾರ ಹಿಡಿಸಿದೆ. ನನ್ನದು 41 ಡಿಗ್ರಿ! ಹೆಂಡತಿ ದಾರ ಹಿಡಿದುಕೊಂಡೇ ಇದೆಲ್ಲ ಯಾಕೆ ಅಂತ ಕೇಳಿದಳು, ವಿವರಿಸಿ ತಪ್ಪು ಮಾಡಿದೆ. ಗೆಳೆಯರ ಹಾರ್ನೆಸ್ಸಿನ ಲೇಬಲ್ ನೋಡಿದೆ, 2019ಕ್ಕೇ ಮುಗಿದಿದೆ ಅಂತಿದೆ. ಪಟ್ಟಿ ನೋಡಲು ಚೆನ್ನಾಗೇ ಇದೆ, ಬಣ್ಣ ಮಾತ್ರ ಸ್ವಲ್ಪ ಮಾಸಿದೆ. ರೋಲ್ ಬಾರ್ ಹಾಕಿದರೆ ಹಿಂದೆ ಮಗಳು ಕೂರುವ ಹಾಗಿಲ್ಲ. ಏನು ಮಾಡಲಿ ಸರ್?

ಪೀಣ್ಯದ_ವೆಲ್ಡರ್:

ಮಾಸಿದೆ ಅಂದರೆ ಬಿಸಿಲು ತಿಂದಿದೆ. ವಾಪಸ್ ಕೊಟ್ಟುಬಿಡಿ. ಎಫ್‌ಐಎಯ ಹಳೇ 8853/98 ಮಾನದಂಡದ ಬೆಲ್ಟಿಗೆ 5 ವರ್ಷ ಆಯಸ್ಸು. ಒಂದು ಸಲ ಗುದ್ದಿದ ಬೆಲ್ಟಾದರೆ ವರ್ಷ ಎಣಿಸುವುದೇ ಬೇಡ.

ಮಗಳು ಕೂರುವ ಕಾರಿಗೆ ರೋಲ್ ಬಾರ್ ನಾನಂತೂ ಹಾಕಿಕೊಡಲ್ಲ. ಹಿಂದೆ ಕೂತವರ ತಲೆಗೆ ಆ ಕಬ್ಬಿಣವೇ ಬಡಿಯುತ್ತದೆ. ಸದ್ಯಕ್ಕೆ ಕಂಪನಿ ಬೆಲ್ಟಿನಲ್ಲೇ ಹೋಗಿ. ಸೀಟನ್ನು ಎರಡು ಹಲ್ಲು ಹಿಂದಕ್ಕೆ ಸರಿಸಿ, ಬೆಲ್ಟ್ ಹಾಕಿಕೊಂಡು ಭುಜದ ಹತ್ತಿರ ಪಟಕ್ಕನೆ ಎಳೆಯಿರಿ. ಲಾಕ್ ಆಗುತ್ತದೆ. ಆ ಬಿಗಿ ಬಿಡದೆ ಸೀಟನ್ನು ಮತ್ತೆ ಮುಂದಕ್ಕೆ ತನ್ನಿ. ಸೊಂಟ ಎಷ್ಟು ಗಟ್ಟಿಯಾಗಿ ಕೂರುತ್ತದೆ ನೋಡಿ. ಮೊಣಕಾಲಿಗೆ, ಬಾಗಿಲಿನ ಒಳಗೆ ಒಂದು ದಪ್ಪ ಸ್ಪಂಜು ಅಂಟಿಸಿಕೊಳ್ಳಿ.