ಕರಿನಾಯಿ ಕಥೆ ಕೇಳೋದು ಹೇಗೆ?

ಪ್ರಶ್ನೆ: ಸಕಲೇಶಪುರ, ಮೂಡಿಗೆರೆ ಕಡೆ ರಾತ್ರಿ ದಾರಿಯಲ್ಲಿ ಕಾಣಿಸಿಕೊಳ್ಳುವ ಕರಿನಾಯಿಯ ಕಥೆ ಸಂಗ್ರಹಿಸಬೇಕು. ಹಿರಿಯರು "ಅಂಥದ್ದೇನಿಲ್ಲ" ಅಂತಾರೆ, ಹುಡುಗರು ಹೇಳೋದೆಲ್ಲ ಸಿನಿಮಾ ಥರ. ಏನು ಮಾಡಲಿ?

• ನಾಯಿಯ ಮಾತು ನೀವು ಎತ್ತಲೇಬೇಡಿ. ಜಾಗದಿಂದ ಶುರು ಮಾಡಿ: ಕತ್ತಲಾದ ಮೇಲೆ ಯಾವ ತಿರುವಲ್ಲಿ ಒಬ್ಬರೇ ಹೋಗಲ್ಲ, ಗಾಡಿ ಎತ್ತು ಎಲ್ಲಿ ಬೆದರುತ್ತಿತ್ತು? ನಾಯಿ ತಾನಾಗೇ ಮಾತಲ್ಲಿ ಬಂದರೆ ಮುಂದಿನದು: ಬೊಗಳಿತಾ, ಸುಮ್ಮನೆ ಜೊತೆಗೆ ನಡೆಯಿತಾ, ಎಲ್ಲಿ ಮರೆಯಾಯಿತು, ಕಂಡವರು ಯಾರು, ಬರೀ ಕೇಳಿದವರು ಯಾರು. ದಾರಿ ಕಾಯುವ ನಾಯಿ ಬೇರೆ, ಅಡ್ಡಗಟ್ಟುವ ನಾಯಿ ಬೇರೆ. ಎರಡನ್ನೂ ಒಂದೇ ಪಟ್ಟಿಗೆ ತುರುಕಬೇಡಿ.

• ಹಿರಿಯರು "ಇಲ್ಲ" ಅನ್ನೋಕೆ ಕಾರಣ ಇದ್ದೀತು. ನಾಯಿ ಭೈರವನ ವಾಹನ. ಮೂಡಿಗೆರೆ ತಾಲ್ಲೂಕಿನ ದೇವರಮನೆಯಲ್ಲಿ ಇರೋದು ಕಾಲಭೈರವೇಶ್ವರ. ಹಾಸನದ ಕಡೆ ಆದಿಚುಂಚನಗಿರಿ ಭೈರವನಿಗೆ ನಡೆದುಕೊಳ್ಳುವ ಮನೆಗಳು ಎಷ್ಟೋ. ದೇವರ ನಾಯಿಯನ್ನು ದೆವ್ವ ಅಂದರೆ ಯಾರು ಬಾಯಿ ಬಿಡ್ತಾರೆ? ಮೈಲಾರಲಿಂಗನ ಭಕ್ತರಾದ ಗೊರವರನ್ನೂ ಮಾತಾಡಿಸಿ. ಕರಿಕಂಬಳಿ, ಡಮರು, ನಾಯಿಯಂತೆ ಬೊಗಳುತ್ತ ದೋಣಿ ಅನ್ನುವ ಪಾತ್ರೆಯಲ್ಲಿಟ್ಟ ಎಡೆಗೆ ಬಾಯಿ ಹಾಕುವ ಸೇವೆ ಅವರದು. ಮದ್ದೂರು ತಾಲ್ಲೂಕಿನ ಆತಕೂರಿನ ಕ್ರಿ.ಶ. 949ರ ಕಲ್ಲು ನೋಡಿ: ಹಂದಿಯೊಡನೆ ಕಾದಾಡಿ ಸತ್ತ ನಾಯಿಗೆ ನಿಲ್ಲಿಸಿದ್ದು, ನಾಯಿಯ ಹೆಸರು ಕಾಳಿ, ಕಲ್ಲಿನ ಪೂಜೆ ಗೊರವನ ಪಾಲಿಗೆ. ಸತ್ತ ನಾಯಿಗೆ ಕೈಮುಗಿದ ನಾಡು ಇದು, ಬರೀ ಹೆದರಿದ್ದಲ್ಲ.

• ಹುಡುಗರ ಕಥೆ ಬಿಸಾಡಬೇಡಿ, ಬೇರೆ ಕಡತದಲ್ಲಿಡಿ. ತಟ್ಟೆಯಗಲದ ಕೆಂಡಗಣ್ಣು ಬಂತು ಅಂದ್ರೆ ಇಂಗ್ಲೆಂಡಿನ ದಂತಕಥೆಯ ಕರಿನಾಯಿ 'ಬ್ಲ್ಯಾಕ್ ಶಕ್' ಇಂಟರ್ನೆಟ್ಟಲ್ಲಿ ಬಂದಿರಬಹುದು. 1577ರ ಆಗಸ್ಟ್ 4ರಂದು ಸಿಡಿಲುಮಳೆಯ ನಡುವೆ ಸಫೋಕ್‌ನ ಬಂಗೆ ಚರ್ಚಿಗೆ ಕರಿನಾಯಿ ನುಗ್ಗಿತು ಅಂತ ಕರಪತ್ರವೇ ಅಚ್ಚಾಗಿತ್ತು. "ಎಲ್ಲಿ ಕೇಳಿದ್ದು?" ಅಂತ ಎಲ್ಲರಿಗೂ ಕೇಳಿ. ಎಸ್ಟೇಟ್ ಲೈನಿನ (ಕೂಲಿಯವರ ಸಾಲುಮನೆಗಳ) ಜನರಿಗೆ ಹುಟ್ಟೂರನ್ನೂ ಕೇಳಿ. ಕಥೆ ಅವರ ಜೊತೆ ಘಟ್ಟ ಹತ್ತಿ ಬಂದಿರಬಹುದು.

• ರೆಕಾರ್ಡಿಂಗ್ ವಿಷಯ. ಒಬ್ಬೊಬ್ಬರನ್ನೇ ಕೂರಿಸಿ. ಜಗಲಿಯಲ್ಲಿ ಮೂವರಿದ್ದರೆ ಮೊದಲನೆಯವರ ನಾಯಿಯೇ ಉಳಿದಿಬ್ಬರಿಗೂ ಕಾಣುತ್ತೆ! ಅನುಮತಿಯ ಮಾತೂ ರೆಕಾರ್ಡ್ ಆಗಲಿ. ಫೋನ್ ಏರೋಪ್ಲೇನ್ ಮೋಡಲ್ಲಿ, ಬಾಯಿಂದ ಎರಡು ಗೇಣು ದೂರ, ಮಡಚಿದ ಟವೆಲ್ ಮೇಲೆ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೆಲ್ಲ ಸೇರುತ್ತೆ. ಜುಲೈ, ಆಗಸ್ಟಲ್ಲಿ ಹೆಂಚಿನ ಮೇಲಿನ ಮಳೆಗೆ ಮಾತು ಮುಳುಗುತ್ತೆ, ಕಾಫಿ ಕೊಯ್ಲಲ್ಲಿ ಯಾರಿಗೂ ಪುರುಸೊತ್ತಿಲ್ಲ. ಏಪ್ರಿಲ್‌ನಲ್ಲಿ ಹೋಗಿ. ಫೈಲಿಗೆ ಊರು, ತಾಲ್ಲೂಕು, ತಾರೀಖು ಹಾಕಿ ಹೆಸರಿಡಿ, ಅವತ್ತೇ ಇನ್ನೊಂದು ಕಡೆ ನಕಲು ಮಾಡಿ.